ಸೂರ್ಯ ನಮಸ್ಕಾರ ಕೈಕೊಡೋದು ಆರನೇ ಹೆಜ್ಜೆಯಲ್ಲಿ

ಜನವರಿ ಒಂದನೇ ತಾರೀಕು ಹೊಸ ಮ್ಯಾಟ್ ಹಾಸಿ ಶುರುಮಾಡಿದ ಸೂರ್ಯ ನಮಸ್ಕಾರ, ಎಳ್ಳು ಬೀರೋ ಹೊತ್ತಿಗೆ ನಿಂತುಹೋಗಿರುತ್ತೆ. ಸೋಮಾರಿತನ ಅಂತ ಬೈದುಕೊಳ್ಳಬೇಡಿ. ಎಷ್ಟೋ ಸಲ ನಿಲ್ಲಿಸೋದು ಮಣಿಕಟ್ಟಿನ ನೋವು, ಇಲ್ಲವೇ ಸೊಂಟದ ನೋವು. ಎರಡಕ್ಕೂ ಮೂಲ ಹುಡುಕಬೇಕಾದ್ದು ನೆಲಕ್ಕೆ ಇಳಿಯೋ ಆ ಎರಡು ಮೂರು ಹೆಜ್ಜೆಗಳಲ್ಲಿ.

ಕ್ರಮ ಗೊತ್ತಿರೋದೇ: ಪ್ರಣಾಮಾಸನ, ಹಸ್ತ ಉತ್ತಾನಾಸನ, ಪಾದಹಸ್ತಾಸನ, ಅಶ್ವ ಸಂಚಲನಾಸನ, ಪರ್ವತಾಸನ, ಅಷ್ಟಾಂಗ ನಮಸ್ಕಾರ, ಭುಜಂಗಾಸನ, ಮತ್ತೆ ಪರ್ವತಾಸನ, ಅಲ್ಲಿಂದ ಬಂದ ದಾರಿಯಲ್ಲೇ ವಾಪಸ್, ಒಟ್ಟು 12. ಕೆಲವು ಕಡೆ ಐದನೆಯದಕ್ಕೆ ದಂಡಾಸನ ಹೇಳಿಕೊಡ್ತಾರೆ, ನಡುವೆ ಶಶಾಂಕಾಸನ ಸೇರಿಸೋರೂ ಇದ್ದಾರೆ. ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಯೂಟ್ಯೂಬ್ ನೋಡಿ ದಿನಕ್ಕೊಂದು ಬಗೆ ಮಾಡಿದರೆ ಉಸಿರಿನ ಲೆಕ್ಕ ಕೂರೋದೇ ಇಲ್ಲ. ಆ ಲೆಕ್ಕ ಸುಲಭ: ಎದೆ ಅರಳುವಾಗ ಉಸಿರು ಒಳಗೆ, ಹೊಟ್ಟೆ ಮಡಚುವಾಗ ಹೊರಗೆ. ಆರನೆಯದರಲ್ಲಿ ಮಾತ್ರ ಉಸಿರು ಬಿಟ್ಟು ಒಂದು ಕ್ಷಣ ತಡೆ.

ಮೂರನೇ ಹೆಜ್ಜೆಯಲ್ಲಿ ಅಂಗೈ ಊರಿದ ಜಾಗ ಹತ್ತನೆಯದರವರೆಗೂ ಕದಲಬಾರದು. ಮ್ಯಾಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ನೋಡಿ, ಕೈ ಎಷ್ಟು ಜಾರುತ್ತೆ ಅಂತ ಗೊತ್ತಾಗುತ್ತೆ. ಕೈ ನೆಲಕ್ಕೆ ಎಟುಕದಿದ್ದರೆ ಮಂಡಿ ಮಡಚಿ. ಮಂಡಿ ನೆಟ್ಟಗಿಡೋ ಹಟದಲ್ಲಿ ಬೆನ್ನು ಗೂನಾದರೆ ಸೊಂಟಕ್ಕೆ ಪೆಟ್ಟು. ಬೆರಳು ಅಗಲಿಸಿ, ತೋರುಬೆರಳು ಹೆಬ್ಬೆರಳಿನ ಬುಡದಿಂದ ನೆಲ ಒತ್ತಿ. ಭಾರವೆಲ್ಲ ಅಂಗೈ ಹಿಮ್ಮಡಿಯಂಥ ಭಾಗಕ್ಕೇ ಬಿದ್ದರೆ ಮಣಿಕಟ್ಟು ನೋಯದೆ ಇರಲ್ಲ.

ಇನ್ನು ಆರನೆಯದು. ನೆಲ ಮುಟ್ಟಬೇಕಾದ್ದು ಎರಡು ಪಾದದ ಬೆರಳು, ಎರಡು ಮಂಡಿ, ಎರಡು ಅಂಗೈ, ಎದೆ, ಗದ್ದ. ಹೊಟ್ಟೆ ಈ ಎಂಟರಲ್ಲಿ ಇಲ್ಲ. ಆದರೆ ಮೊದಲು ದೊಪ್ಪನೆ ಬೀಳೋದು ಅದೇ! ಮೊದಲು ಮಂಡಿ ಇಳಿಸಿ, ಮೊಣಕೈ ಪಕ್ಕೆಲುಬಿಗೆ ತಾಗಿಸಿ, ಎದೆಯನ್ನು ಎರಡು ಅಂಗೈ ನಡುವೆ ನಿಧಾನ ಇಳಿಸಿ. ಪೃಷ್ಠ ಮೇಲೇ ಇರಲಿ. ಮೊಣಕೈ ಕೋಳಿ ರೆಕ್ಕೆ ಥರ ಹೊರಗೆ ಬಿಚ್ಚಿಕೊಂಡರೆ ಭುಜದ ಮುಂಭಾಗ ಎಳೆಯುತ್ತೆ. ಭುಜಂಗಾಸನದಲ್ಲೂ ಕೈ ಪೂರ್ತಿ ನೆಟ್ಟಗೆ ಮಾಡೋದು ಬೇಡ. ಭುಜ ಕಿವಿಯ ಹತ್ತಿರ ಏರಿತು ಅಂದರೆ ಅತಿಯಾಯ್ತು ಅಂತಲೇ ಅರ್ಥ.

ಒಂಬತ್ತರಲ್ಲಿ ಪಾದ ಕೈಗಳ ನಡುವೆ ಬರೋದೇ ಇಲ್ಲ ಅನ್ನೋದು ಸಾಮಾನ್ಯ ದೂರು. ಅಂಗೈ ಬಿಟ್ಟು ಬೆರಳ ತುದಿಗೆ ಬನ್ನಿ, ಪಾದಕ್ಕೆ ಜಾಗ ಸಿಗುತ್ತೆ. ಆಗಲೂ ಆಗದಿದ್ದರೆ ಕಣಕಾಲು ಹಿಡಿದು ಎಳೆದುಕೊಳ್ಳಿ, ನಾಚಿಕೆ ಏನಿಲ್ಲ.

ನಮ್ಮ ಫ್ಲಾಟುಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಜಮಖಾನ ಹಾಸಿದರೆ ಪರ್ವತಾಸನದಲ್ಲಿ ಜಮಖಾನದ ಸಮೇತ ಜಾರ್ತೀರಿ. ರಬ್ಬರ್ ಮ್ಯಾಟ್ ಬೇಕೇ ಬೇಕು. ಟೆರೇಸಿನಲ್ಲಾದರೆ ಚಳಿಗಾಲದ ಇಬ್ಬನಿ ಒರೆಸಿಕೊಳ್ಳಿ. ಬೆಂಗಳೂರಿನಲ್ಲಿ ಸೂರ್ಯೋದಯ ಮೇ ಕೊನೆಗೆ 5:53ರ ಸುಮಾರಿಗೆ, ಜನವರಿ ಕೊನೆಗೆ 6:45ರ ಸುಮಾರಿಗೆ. ಸೂರ್ಯ ಕಂಡ ಮೇಲೇ ಶುರು ಅಂತ ಕಾದರೆ ಜುಲೈ ಮೋಡದಲ್ಲಿ ವಾರಗಟ್ಟಲೆ ತಪ್ಪುತ್ತೆ. ಆರು ಗಂಟೆ ಅಂದರೆ ಆರು, ಪೂರ್ವಕ್ಕೆ ಮುಖ, ಖಾಲಿ ಹೊಟ್ಟೆ. ಡಿಸೆಂಬರಿನಲ್ಲಿ ಮೈ ಮರಗಟ್ಟಿರುತ್ತೆ, ಮೊದಲೆರಡು ಸುತ್ತು ಮಂಡಿ ಮಡಚಿಯೇ ಮಾಡಿ.

ಬಲಗಾಲು ಹಿಂದಿಟ್ಟು ಒಂದು ನಮಸ್ಕಾರ, ಎಡಗಾಲಿಗೆ ಇನ್ನೊಂದು. ಮೊದಲ ವಾರ ದಿನಕ್ಕೆ 4 ಸಾಕು, ತಿಂಗಳಾಗೋ ಹೊತ್ತಿಗೆ ದಿನಕ್ಕೆ 12. ಹೆಜ್ಜೆಗೆ 4 ಸೆಕೆಂಡ್ ಹಿಡಿದರೆ 12 ನಮಸ್ಕಾರ ಹತ್ತು ನಿಮಿಷದೊಳಗೆ ಮುಗಿಯುತ್ತೆ. ಬಿಪಿ, ಹರ್ನಿಯಾ, ಡಿಸ್ಕ್ ತೊಂದರೆ, ಗ್ಲಾಕೋಮಾ ಇದ್ದೋರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಬಗ್ಗಬೇಡಿ.

ರಥಸಪ್ತಮಿ ದಿನ ಪಾರ್ಕಿನಲ್ಲಿ ಎಲ್ಲರ ಜೊತೆ 108 ಮಾಡೋ ಆಸೆಯೇ? 108 ಅಂದರೆ ಪಾದಹಸ್ತಾಸನ ಒಂದೇ 216 ಸಲ. ದಿನಾ 12 ಮಾಡೋರು ಒಮ್ಮೆಲೇ ಅಲ್ಲಿಗೆ ಹಾರಿದರೆ ಎರಡು ದಿನ ಮೆಟ್ಟಿಲು ಇಳಿಯೋಕಾಗಲ್ಲ. ದೀಪಾವಳಿ ಮುಗಿದ ಮೇಲೆ ವಾರದಲ್ಲಿ ಒಂದು ದಿನ, ಭಾನುವಾರ ಅಂತಿಟ್ಟುಕೊಳ್ಳಿ, 12ರಂತೆ ಏರಿಸಿ. ಎಂಟು ವಾರಕ್ಕೆ 108 ಮುಟ್ತೀರಿ, ಮೇಲೆ ನಾಲ್ಕೈದು ವಾರ ಕೈಯಲ್ಲಿ ಉಳಿಯುತ್ತೆ.