ಎರಡು ಖಂಡುಗವೋ, ಮೂರೋ?

ನಮ್ಮ ಆಫೀಸಿನಲ್ಲಿ ಜನವರಿ ಬಂತೆಂದರೆ ಪುಸ್ತಕದ ಲೆಕ್ಕ ಶುರುವಾಗುತ್ತದೆ. ಈ ವರ್ಷ ಐವತ್ತು ಓದ್ತೀನಿ ಅಂತ ಒಬ್ಬರು, ನೂರು ಅಂತ ಇನ್ನೊಬ್ಬರು. ಮಾರ್ಚ್ ಹೊತ್ತಿಗೆ ಎಲ್ಲರೂ ತೆಳ್ಳಗಿನ ಪುಸ್ತಕ ಹುಡುಕುತ್ತಿರುತ್ತಾರೆ. ಲೆಕ್ಕಕ್ಕೋಸ್ಕರ ಓದುವುದು ನನಗೆ ಆಗಿಬರುವುದಿಲ್ಲ. ಹಾಗಾಗಿ ನಾನು ಇಟ್ಟುಕೊಂಡ ಗುರಿ ಬೇರೆ. ತುಮಕೂರು ಕಡೆಯ ನಮ್ಮೂರಲ್ಲಿ, ಕೆರೆ ಏರಿಯ ಕೊನೆಗೆ ಒಂದು ಬರವಣಿಗೆ ಕಲ್ಲು ನಿಂತಿದೆ. ಅದನ್ನು ನಾನೇ ಓದಬೇಕು. ಅಷ್ಟೇ.

ಮೇಲೆ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ. ಅದರಲ್ಲಿ ನಿಧಿಯ ಗುರುತು ಬರೆದಿದೆ ಅಂತ ಊರಲ್ಲಿ ಮಾತು. ಕರ್ನಾಟಕದ ಎಷ್ಟೋ ಶಾಸನಗಳು ಈ ಮಾತಿಗೇ ಬಲಿಯಾಗಿವೆ. ರಾತ್ರೋರಾತ್ರಿ ಬುಡ ಅಗೆದು, ಕಲ್ಲು ಉರುಳಿಸಿ ಹೋಗುತ್ತಾರೆ. ನಮ್ಮ ಕಲ್ಲಿಗೆ ಕುಂಕುಮ, ಎಣ್ಣೆ ಬೀಳುತ್ತಿದ್ದರಿಂದ ಉಳಿದುಕೊಂಡಿತು ಅನ್ನಿಸುತ್ತದೆ.

ಬೆಂಗಳೂರಲ್ಲಿ ಭಾನುವಾರದ ಒಂದು ತರಗತಿಗೆ ಸೇರಿದೆ. ಅಲ್ಲಿ ಮೊದಲು ಕಲಿಸುವುದು ಹೊಯ್ಸಳರ, ವಿಜಯನಗರದ ಕಾಲದ ಲಿಪಿ. ಈಗಿನ ಅಕ್ಷರಕ್ಕೆ ಅದೇ ಹತ್ತಿರ. ಹತ್ತಿರ ಅಂದರೂ ಸುಲಭ ಅಲ್ಲ. ಪದಗಳ ನಡುವೆ ಜಾಗ ಇಲ್ಲ. ಮ ಯಾವುದು ವ ಯಾವುದು ಅಂತ ತಲೆ ಕೆಡುತ್ತದೆ. ‘ಎರಡು’ ಅನ್ನುವುದನ್ನು ‘ಯೆರಡು’ ಅಂತ ಕೆತ್ತಿರುತ್ತಾರೆ. ಕೆತ್ತಿದವನು ಆಡಿದ ಹಾಗೇ ಬರೆದ, ನೀವೂ ಬಾಯಿಬಿಟ್ಟು ಜೋರಾಗಿ ಓದಿ ಅಂತ ಮೇಷ್ಟ್ರು ಹೇಳುತ್ತಿದ್ದರು. ಆ ಮಾತು ನನಗೆ ತುಂಬಾ ಕೆಲಸಕ್ಕೆ ಬಂತು.

ಮನೆಪಾಠಕ್ಕೆ ಬಿ.ಎಲ್. ರೈಸ್ ಇದ್ದರು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಹಳೇ ಮೈಸೂರು, ಕೊಡಗಿನ ಸಾವಿರಾರು ಶಾಸನಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳಾಗಿ ಅಚ್ಚು ಹಾಕಿಸಿದರು. ತುಮಕೂರು ಜಿಲ್ಲೆಯದು 12ನೆಯದು, 1904ರದ್ದು. ಸ್ಕ್ಯಾನ್ ಆಗಿ ಮೊಬೈಲಿಗೇ ಸಿಗುತ್ತದೆ. ಶಾಸನದ ಚಿತ್ರ ಇರುವ ಪುಟ ತೆಗೆದು, ಮೆಟ್ರೋದಲ್ಲಿ ನಿಂತು ಒಂದೆರಡು ಸಾಲು ಓದುವುದು, ಆಮೇಲೆ ಅಚ್ಚಾದ ಪಾಠದ ಜೊತೆ ಹೋಲಿಸುವುದು. ಪಕ್ಕದವರು ಒಮ್ಮೆ ಇಣುಕಿ ನೋಡಿ, ಇದು ತೆಲುಗಾ ಅಂತ ಕೇಳಿದ್ದರು. ಇದೇ ಸಂಪುಟದಲ್ಲಿ ನಮ್ಮೂರಿನ ಹೆಸರು ಹುಡುಕಿದೆ. ಇರಲಿಲ್ಲ. ಬೇಜಾರಿಗಿಂತ ಖುಷಿಯೇ ಜಾಸ್ತಿ ಆಯಿತು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಕೆಲಸಕ್ಕೆ ಕೈ ಹಾಕಿದೆ. ಪೂಜಾರಪ್ಪನನ್ನು ಕೇಳಿ, ನೀರು ಮತ್ತು ಮೆತ್ತನೆ ಬ್ರಷ್‌ನಿಂದ ಮೇಲಿನ ಜಿಡ್ಡು ತೆಗೆದೆವು. ತಂತಿ ಬ್ರಷ್ ಮುಟ್ಟಿಸಬಾರದು, ಅಕ್ಷರವೇ ಕಿತ್ತು ಬರುತ್ತದೆ. ಚಿಕ್ಕಪ್ಪ ಏರಿ ಮೇಲೆ ಕುಳಿತು ನೋಡುತ್ತಿದ್ದರು. ಅವರ ಮೊಮ್ಮಗಳು, ಎಂಟನೇ ಕ್ಲಾಸಿನವಳು, ನೋಟ್‌ಬುಕ್ ಹಿಡಿದು ಬರೆದುಕೊಳ್ಳುವ ಕೆಲಸ ವಹಿಸಿಕೊಂಡಳು. ಹಗಲು ಬೆಳಕಲ್ಲಿ ಅರ್ಧ ಅಕ್ಷರ ಕಾಣಲೇ ಇಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದಾಗ ತಗ್ಗುಗಳಲ್ಲಿ ನೆರಳು ಬಿದ್ದು ಸಾಲುಗಳು ಎದ್ದು ಬಂದವು.

‘ಸ್ವಸ್ತಿ ಶ್ರೀ’ ಸಿಕ್ಕಿತು. ಅದು ಸಿಗದಿದ್ದರೆ ನಾನು ದುಡ್ಡು ಕೊಟ್ಟು ಕಲಿತಿದ್ದೇ ದಂಡ. ಆಮೇಲೆ ಶಕ ವರುಷ. 1, 4, 4 ಸರಿಯಾಗಿದೆ, ಕೊನೆಯ ಅಂಕಿ ಚಕ್ಕೆ ಎದ್ದು ಹೋಗಿದೆ. ಆದರೆ ಮುಂದೆ ‘ಸ್ವಭಾನು ಸಂವತ್ಸರ’ ಅಂತ ಇತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ. 2003ರ ಯುಗಾದಿಗೆ ಬಂದಿದ್ದು ಸ್ವಭಾನು. ಅಲ್ಲಿಂದ ಅರವತ್ತು ಅರವತ್ತಾಗಿ ಹಿಂದೆ ಹೋಗು ಅಂತ ಹುಡುಗಿಗೆ ಹೇಳಿದೆ. ಮೊಬೈಲ್ ಬೆಳಕಲ್ಲಿ ಕಳೆದು ಕಳೆದು 1523ಕ್ಕೆ ಬಂದು ನಿಂತಳು. ಶಕ ವರ್ಷ ಬೇಕೆಂದರೆ 78 ಕಳೆಯಬೇಕು. 1445. ಎದ್ದುಹೋದ ಅಂಕಿ ಐದು! ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಅವಳು ಕಲ್ಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

“ನಿಧಿ ಗಿಧಿ ಏನಾದ್ರೂ ಐತೇನಪ್ಪಾ?” ಅಂದರು ಚಿಕ್ಕಪ್ಪ.

“ಇಲ್ಲ ಚಿಕ್ಕಪ್ಪ, ಕೆರೆ ರಿಪೇರಿ ಲೆಕ್ಕ.”

ಕೆರೆಯ ಹೂಳು ತೆಗೆದು, ಏರಿ ನೋಡಿಕೊಳ್ಳುವವನಿಗೆ ತೂಬಿನ ಕೆಳಗೆ ಗದ್ದೆ ಬಿಟ್ಟುಕೊಟ್ಟಿದ್ದಾರೆ. ಇಂಥದ್ದಕ್ಕೆ ಕಟ್ಟುಕೊಡಗೆ ಅಂತಾರೆ. ಗದ್ದೆಯನ್ನು ಎಕರೆಯಲ್ಲಿ ಹೇಳುತ್ತಿರಲಿಲ್ಲ, ಬಿತ್ತುವ ಬೀಜದಲ್ಲಿ ಹೇಳುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಲ್ಲಿನಲ್ಲಿ ಸುಮ್ನೆ ‘ಖ’ ಅಂತ ಕೆತ್ತಿ ಮುಂದೆ ಅಂಕಿ ಹಾಕಿದ್ದಾರೆ. ಆ ಅಂಕಿ ಎರಡೋ ಮೂರೋ ಗೊತ್ತಾಗುತ್ತಿಲ್ಲ. ಕೆಳಗಿನ ಬಾಲ ಸವೆದುಹೋಗಿದೆ. ಟಾರ್ಚು ಆ ಕಡೆ ಈ ಕಡೆ ಹಿಡಿದೆವು. ಬೆರಳಾಡಿಸಿದೆವು. ಹುಡುಗಿ ಮೂರು ಅಂದಳು, ನನಗೂ ಮೂರೇ ಅನ್ನಿಸಿತು.

ಚಿಕ್ಕಪ್ಪ ಎದ್ದು ಬಂದರು. ಕಲ್ಲು ನೋಡಲಿಲ್ಲ. ಕತ್ತಲಲ್ಲಿ ತೂಬಿನ ಕಡೆ ಕೈ ತೋರಿಸಿ, “ಇರೋದೇ ಚೂರು ಕೆರೆ. ಅಲ್ಲಿಂದ ಆ ತೆಂಗಿನ ಸಾಲಿನವರೆಗೆ ನೀರು ಹಾಯ್ತದೆ, ಅಷ್ಟೇಯ. ಮೂರು ಖಂಡುಗ ಒಬ್ಬನಿಗೇ ಕೊಟ್ಬಿಟ್ರೆ ಉಳಿದೋರು ಏನು ಮಣ್ಣು ತಿನ್ಬೇಕಿತ್ತಾ? ಎರಡು ಅಂತ ಬರ್ಕೊಳಮ್ಮ,” ಅಂದರು.

ಫೋಟೋಗಳನ್ನು ಮೇಷ್ಟ್ರಿಗೆ ಕಳಿಸಿದೆ, ಚಿಕ್ಕಪ್ಪನ ವಾದವನ್ನೂ ಸೇರಿಸಿ. ಅಂಕಿಯ ಬಗ್ಗೆ ಅವರೂ ಖಚಿತ ಹೇಳಲಿಲ್ಲ. ಆದರೆ ಚಿಕ್ಕಪ್ಪನ ವಾದ ಗಟ್ಟಿ ಇದೆ, ಟಿಪ್ಪಣಿಯಲ್ಲಿ ಸೇರಿಸಿ ಅಂದರು. ಕೊನೆಯ ಸಾಲು ಶಾಪದ್ದು: ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ. ಪೂಜಾರಪ್ಪನಿಗೆ ಇಷ್ಟವಾಗಿದ್ದು ಅದೊಂದೇ. ಏರಿ ಒತ್ತುವರಿ ಮಾಡಿದವರಿಗೆ ಓದಿ ಹೇಳೋಕೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡ.

ಈಗ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿಗೆ ಬಂದಿದ್ದೇನೆ. ಸುಮಾರು 890ರದ್ದು, ‘ಬೆಂಗಳೂರ ಕಾಳಗ’ದ ಮಾತು ಬರುವಂಥದ್ದು. ಗಂಗರ ಕಾಲದ ಲಿಪಿಗೆ ಕಲಿತಿದ್ದರಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ, ಹೆಚ್ಚುಕಡಿಮೆ ಹೊಸದಾಗಿ ಅಕ್ಷರಾಭ್ಯಾಸ. ಹುಡುಗಿಗೂ ಅಕ್ಷರದ ಚಾರ್ಟ್ ಒಂದು ಕಳಿಸಿದ್ದೇನೆ. ಬೇಸಿಗೆ ರಜೆಗೆ ಬರುತ್ತಾಳಂತೆ.