ಅಮ್ಮನ ಬೈಬಲ್ ಜೋಪಾನ

ಪ್ರಭುವಿನಲ್ಲಿ ನಿದ್ರಿಸಿದ, ಅಂದರೆ ತೀರಿಕೊಂಡ, ತಾಯಿಯ ಬದುಕು ಬಹಳಮಟ್ಟಿಗೆ ಆಕೆಯ ಬೈಬಲಿನಲ್ಲೇ ಉಳಿದಿರುತ್ತದೆ. ಅದನ್ನು ಒರೆಸಿ ಚಂದಗಾಣಿಸುವ ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ, ಕಿಟಕಿಯ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು. ಮಸುಕಾದ ಪೆನ್ಸಿಲ್ ಬರಹಕ್ಕೆ 600 ಇರಲಿ. ಒಳಗಿರುವ ಚೀಟಿ, ಒಣಹೂವು ಯಾವ ಪುಟದಲ್ಲಿದ್ದವೆಂದು ಬರೆದುಕೊಂಡೇ ಹೊರತೆಗೆಯಿರಿ. ಅಲ್ಲೇ ಬಿಟ್ಟರೆ ಹೂವಿನ ಕಲೆ ಹಾಳೆಗಿಳಿಯುತ್ತದೆ. ಜಾಗ ಮರೆತರೆ ಆಕೆ ಯಾವ ವಚನದ ಬಳಿ ನಿಂತು ಪ್ರಾರ್ಥಿಸಿದಳೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಬರಬರುತ್ತಾ ಹಳದಿಯಾಗಿ, ತೆಳು ಹಾಳೆಯೊಳಗೆ ಇಳಿದು ಕಲೆ ಮಾಡುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ತೆಳು ಜಪಾನಿ ಕಾಗದ, ಗೋಧಿಪಿಷ್ಟದ ಅಂಟು ಸರಿ.

ಸ್ಮರಣೆಯ ಆರಾಧನೆಯಲ್ಲಿ ಮಾತಾಡುವವರಿಗೂ ಈ ಬೈಬಲೇ ಆಕರ. ಗುಣವತಿಯಾದ ಹೆಂಡತಿಯನ್ನು ಹೊಗಳುವ ಜ್ಞಾನೋಕ್ತಿಗಳು 31:10–31 ಎಲ್ಲರೂ ಓದುವಂಥದ್ದು, ಓದಲಿ. ಆದರೆ ಮಗುವಿನ ಜ್ವರ, ಗಂಡನ ಆಪರೇಷನ್ ಅಂತ ದಿನಾಂಕ ಸಮೇತ ಆಕೆ ಅಂಚಿನಲ್ಲಿ ಗುರುತಿಟ್ಟ ಬೈಬಲಿನ ಕೀರ್ತನೆಯನ್ನು ಓದಿದರೆ ಅಲ್ಲಿ ಕೂತವರಿಗೆ ಆಕೆಯೇ ಕಾಣುತ್ತಾಳೆ. ಮಾತು 5 ನಿಮಿಷ ಮೀರದಿರಲಿ. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಆ ಮಾತಿನ ಇನ್ನೊಂದು ಪ್ರತಿ ಪಕ್ಕದವರ ಕೈಯಲ್ಲಿರಲಿ. ನಿಮಗೆ ಗಂಟಲು ಕಟ್ಟಿದರೆ ಅವರು ಅಲ್ಲಿಂದಲೇ ಮುಂದುವರಿಸಬಹುದು.