ಆಮ್ಲದ ಬಲ ಮತ್ತು ನೀರಿನ ಘನೀಭವನ ಬಿಂದು

ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಲ್ಯಾಬಿನ ಬೀರು ತೆಗೆದರೆ ಗ್ಲೇಶಿಯಲ್ (ಬಹುತೇಕ ನೀರಿಲ್ಲದ) ಅಸಿಟಿಕ್ ಆಮ್ಲದ ಬಾಟಲಿಯಲ್ಲಿ ಕೆಲವೊಮ್ಮೆ ಹರಳು ಕಟ್ಟಿರುತ್ತದೆ. ಆಮ್ಲ ಕೆಟ್ಟಿಲ್ಲ. ಶುದ್ಧ ಅಸಿಟಿಕ್ ಆಮ್ಲ 16.6 ಡಿಗ್ರಿಗೇ ಗಟ್ಟಿಯಾಗುತ್ತದೆ. ಮುಚ್ಚಳ ಸಡಿಲಿಸಿ, ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿಯೇ ಅಳೆಯಿರಿ. ಅರ್ಧ ಕರಗಿದ್ದಾಗ ಸುರಿದರೆ ಅದರೊಳಗಿನ ಅಷ್ಟಿಷ್ಟು ನೀರೂ ಆ ದ್ರವದಲ್ಲೇ ಬಂದುಬಿಡುತ್ತದೆ, ತೂಕ ಸುಳ್ಳಾಗುತ್ತದೆ.

ಈಗ ಇದೇ ಆಮ್ಲವನ್ನು ನೀರಿಗೆ ಹಾಕೋಣ. ನೀರಿನಲ್ಲಿ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳಾಗಿ, ಹೆಚ್ಚು ಒಡೆದಷ್ಟೂ ಆಮ್ಲ ಪ್ರಬಲ. ಒಂದು ಕಿಲೋ ನೀರಿನಲ್ಲಿ ಒಂದು ಮೋಲ್ ಕಣ ಕರಗಿದರೆ ಘನೀಭವನ ಬಿಂದು, ಅಂದರೆ ನೀರು ಮಂಜಾಗುವ ಉಷ್ಣತೆ, 1.86 ಡಿಗ್ರಿ ಇಳಿಯುತ್ತದೆ. ಅಸಿಟಿಕ್ ಆಮ್ಲದ 0.5 ಮೋಲಾಲ್ (ಕಿಲೋ ನೀರಿಗೆ 0.5 ಮೋಲ್) ದ್ರಾವಣದಲ್ಲಿ ಅಯಾನುಗಳಾಗಿ ಒಡೆಯುವುದು ಸಾವಿರಕ್ಕೆ ಸುಮಾರು ಆರು ಅಣು. ಹಾಗಾಗಿ ಇಳಿಕೆ 0.94 ಡಿಗ್ರಿ, ಅಷ್ಟೇ ಮೋಲಾಲ್‌ನ, ಒಡೆಯದ ಸಕ್ಕರೆಯ ನೀರಿಗಿಂತ ಹೆಚ್ಚೇನೂ ಅಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಪೂರ್ತಿ ಒಡೆದು ಎರಡೆರಡು ಕಣ ಕೊಡುತ್ತದೆ. ಅದೇ 0.5 ಮೋಲಾಲ್‌ಗೆ ಲೆಕ್ಕಕ್ಕೆ ಇಳಿಕೆ 1.86 ಬರಬೇಕು, ಅಯಾನುಗಳ ಪರಸ್ಪರ ಸೆಳೆತದಿಂದ ಸಿಗುವುದು ಅದಕ್ಕಿಂತ ತುಸು ಕಡಿಮೆ, 1.8ರ ಸುತ್ತಮುತ್ತ.

ಮಾಡಿ ನೋಡುವವರಿಗೆ ಅಳತೆ: 100 ಗ್ರಾಂ ನೀರಿಗೆ 3 ಗ್ರಾಂ ಅಸಿಟಿಕ್ ಆಮ್ಲ. ಶೇ. 37ರ ಹೈಡ್ರೋಕ್ಲೋರಿಕ್ ಆದರೆ 4.9 ಗ್ರಾಂ ಆಮ್ಲ, 96.9 ಗ್ರಾಂ ನೀರು. ಉಳಿದ 3.1 ಗ್ರಾಂ ನೀರು ಆಮ್ಲದಲ್ಲೇ ಇದೆ, ಬಹಳ ಜನ ಮರೆಯುವುದು ಇದನ್ನೇ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ.

ಪ್ರನಾಳದಲ್ಲಿ 10 ಮಿ.ಲೀ. ದ್ರಾವಣ, ಹೊರಗೆ ಪುಡಿ ಐಸು ಮತ್ತು ಉಪ್ಪು. ಐಸ್‌ಕ್ರೀಮ್ ಮಾಡುವಂತೆ ಮೂರಕ್ಕೊಂದು ಪಾಲು ಉಪ್ಪು ಸುರಿಯಬೇಡಿ. ಅಷ್ಟು ಚಳಿಗೆ ಪ್ರನಾಳದ ಗೋಡೆಗೇ ಮಂಜು ಹಿಡಿದು ನಡುವಿನ ದ್ರಾವಣ ನೀರಾಗಿಯೇ ಉಳಿಯುತ್ತದೆ. ಮೈನಸ್ 6 ಡಿಗ್ರಿ ಸಾಕು. ಕಲಕುತ್ತಲೇ ಇರಿ, 15 ಸೆಕೆಂಡಿಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ಥರ್ಮಾಮೀಟರಿನ ಪಾದರಸ ಘನೀಭವನ ಬಿಂದುವನ್ನೂ ದಾಟಿ ಕೆಳಗಿಳಿದು, ಮೊದಲ ಹರಳು ಮೂಡಿದ ಕ್ಷಣ ಸರ್ರನೆ ಮೇಲೇರುತ್ತದೆ. ಏರಿ ನಿಂತ ಆ ಅಂಕಿಯೇ ಬೇಕಾದದ್ದು. ತಡಮಾಡಿದರೆ ನೀರು ಮಂಜಾಗುತ್ತ ಉಳಿದ ದ್ರಾವಣ ಗಾಢವಾಗಿ ಅಂಕಿ ಮತ್ತೆ ಜಾರುತ್ತದೆ. ಮೊದಲು ಬರೀ ಡಿಸ್ಟಿಲ್ಡ್ ನೀರಿನಲ್ಲಿ ಥರ್ಮಾಮೀಟರಿನ ಸೊನ್ನೆ ಸರಿಯಿದೆಯೇ ನೋಡಿಕೊಂಡಿರಬೇಕು.

ಮೋನೋಕ್ಲೋರೋಅಸಿಟಿಕ್ ಆಮ್ಲ ಅಸಿಟಿಕ್‌ಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ಪ್ರಬಲ. ಆದರೂ 0.5 ಮೋಲಾಲ್‌ನಲ್ಲಿ ಇಳಿಕೆ 0.98 ಡಿಗ್ರಿ ಮಾತ್ರ. 0.04ರ ಈ ವ್ಯತ್ಯಾಸ 0.1 ಡಿಗ್ರಿ ಗೆರೆಯ ಥರ್ಮಾಮೀಟರಿಗೆ ಕಾಣುವುದೇ ಇಲ್ಲ. ಇವೆರಡನ್ನು ಹೋಲಿಸಲು 0.01 ಡಿಗ್ರಿ ತೋರಿಸುವ ಬೆಕ್‌ಮನ್ ಥರ್ಮಾಮೀಟರೇ ಬೇಕು.